ಕೆರೆಯ ನೊರೆ, ಎಚ್ಚೆನ್ ಕುಂಬಳಕಾಯಿ

2018ರ ಜುಲೈನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದ ವಿಡಿಯೊ ನಿಮ್ಮಲ್ಲಿ ಹಲವರು ನೋಡಿರ್ತೀರಿ. ಬೆಳ್ಳಂದೂರು ಕಡೆ ಫ್ಲ್ಯಾಟು, ಪಿಜಿ ಮಾಡ್ಕೊಂಡಿರೋರಿಗೆ ಕೆರೆ ನೊರೆ ಹೊಸ ವಿಷಯ ಅಲ್ಲ. ನಮ್ಮ ಕೋಲಾರದವರಿಗೆ ಹೊಸದು. ನಮ್ಮ ಕೆರೆಗಳಲ್ಲಿ ನೀರಿರೋದೇ ಅಪರೂಪ, ಇನ್ನು ನೊರೆ ಎಲ್ಲಿಂದ ಬರಬೇಕು?

ಗೊತ್ತಿಲ್ಲದವರಿಗೆ ಎರಡೇ ಸಾಲು. ಕೆ.ಸಿ. ವ್ಯಾಲಿ ಅಂದ್ರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಮೋರಿ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ಕೋಲಾರ ಜಿಲ್ಲೆಯ, ಜೊತೆಗೆ ಚಿಂತಾಮಣಿ ಕಡೆಯ ಒಂದಷ್ಟು ಸೇರಿ, 126 ಕೆರೆಗಳಿಗೆ ಹರಿಸೋ ಯೋಜನೆ. ಉದ್ದೇಶ ಕುಡಿಯೋಕೆ ಕೊಡೋದಲ್ಲ, ಅಂತರ್ಜಲ ಏರಿಸೋದು. ಅಂದ್ರೆ ನೀವು ಬೆಳಗ್ಗೆ ಸ್ನಾನ ಮಾಡಿ, ವಾಷಿಂಗ್ ಮೆಷಿನ್ ತಿರುಗಿಸಿ, ಫ್ಲಶ್ ಒತ್ತಿ ಆಫೀಸಿಗೆ ಹೋದ ಮೇಲೆ ಆ ನೀರು ನಮ್ಮೂರಿನ ಕಡೆ ಹೊರಡುತ್ತೆ. ಹಾಗಾಗಿ ಈ ಬರಹಕ್ಕೂ ನಿಮಗೂ ಸಂಬಂಧ ಇಲ್ಲ ಅಂದ್ಕೋಬೇಡಿ.

ಯೋಜನೆ ಸರಿಯೋ ತಪ್ಪೋ ಅಂತ ತೀರ್ಪು ಕೊಡೋಕೆ ನಾನು ಕೂತಿಲ್ಲ. ಹೈಕೋರ್ಟ್ ಒಮ್ಮೆ, ಸುಪ್ರೀಂ ಕೋರ್ಟ್ ಒಮ್ಮೆ ತಡೆ ಕೊಟ್ಟು, 2019ರಲ್ಲಿ ಅದು ತೆರವಾಗಿ, ನೀರು ಹರಿದಿದ್ದೂ ಆಯ್ತು. ಬಾವಿಗಳಲ್ಲಿ ನೀರು ಕಂಡವರು ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಹೋರಾಡ್ತಾ ಇರೋರೂ ಇದ್ದಾರೆ. ನನ್ನ ತಕರಾರು ಬೇರೆ. ಈ ಇಡೀ ಗಲಾಟೆಯಲ್ಲಿ ವಿಜ್ಞಾನ ಮಾತಾಡಿದ ರೀತಿಯ ಬಗ್ಗೆ.

ಊರಿನವರು ಕೇಳಿದ ಪ್ರಶ್ನೆಗಳು ಸರಳವಾಗಿದ್ದವು. ಹೋಳೂರು ಹೋಬಳಿಯ ನಮ್ಮ ನೆಂಟರ ಮನೆ ಜಗಲಿಯಲ್ಲಿ ನಾನೇ ಕೇಳಿಸ್ಕೊಂಡಿದ್ದೀನಿ. ‘ಈ ನೀರು ಸೀಮೆಹಸ ಕುಡಿದ್ರೆ ಹಾಲಿಗೆ ಏನಾದ್ರೂ ಆಗ್ತದಾ?’ ‘ಇದು ಇಂಗಿ ನಮ್ಮ ಬೋರಿಗೆ ಇಳಿದ್ರೆ ಅದನ್ನ ಕುಡೀಬಹುದಾ?’ ‘ಟೊಮೆಟೊಗೆ ಬಿಟ್ರೆ ಮಂಡಿಯಲ್ಲಿ ತಗೋತಾರಾ?’ ಕೋಲಾರದಲ್ಲಿ ಟೊಮೆಟೊ ಅಂದ್ರೆ ತರಕಾರಿ ಅಲ್ಲ, ಮಗಳ ಮದುವೆ. 15 ಕೆ.ಜಿ. ಬಾಕ್ಸಿನ ರೇಟಿನ ಮೇಲೆ ಊರು ಉಸಿರಾಡೋದು. ಆ ಪ್ರಶ್ನೆಯಲ್ಲಿ ಅಜ್ಞಾನ ಇಲ್ಲ, ಲೆಕ್ಕಾಚಾರ ಇದೆ.

ಬಂದ ಉತ್ತರ? ಬಿಒಡಿ ಇಷ್ಟು, ಸಿಒಡಿ ಇಷ್ಟು, ಟಿಎಸ್ಎಸ್ ಇಷ್ಟು, ಎಲ್ಲವೂ ನಿಗದಿತ ಮಿತಿಯೊಳಗಿದೆ. ಕನ್ನಡದಲ್ಲಿ ಕೊಟ್ಟರೆ ಇನ್ನೂ ಚೆನ್ನ: ‘ಜೈವಿಕ ಆಮ್ಲಜನಕ ಬೇಡಿಕೆಯು ಮಾನದಂಡಕ್ಕೆ ಅನುಗುಣವಾಗಿದೆ.’ ಈ ವಾಕ್ಯದಲ್ಲಿರೋ ಪ್ರತಿ ಪದವೂ ಕನ್ನಡ ನಿಘಂಟಿನಲ್ಲಿದೆ. ವಾಕ್ಯ ಮಾತ್ರ ಕನ್ನಡದಲ್ಲಿಲ್ಲ. ಎದುರು ಪಕ್ಷದವರು ಒಂದೇ ಪದ ಹೇಳಿದ್ರು: ಕಕ್ಕಸು ನೀರು. ಯಾರ ಮಾತು ಮನೆಮನೆಗೆ ಹೋಯ್ತು ಅಂತ ನಾನು ಹೇಳಬೇಕಾ?

ಬಿಒಡಿಯನ್ನ ಬಿಡಿಸಿ ಹೇಳೋದು ಅಷ್ಟು ಕಷ್ಟಾನಾ, ನೋಡೋಣ. ಕೆರೆ ನೀರಿನಲ್ಲಿ ಕರಗಿದ ಆಮ್ಲಜನಕ ಇರುತ್ತೆ, ನಮ್ಮ ಹವೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಅದು ಕೆರೆಯ ಕೈಲಿರೋ ಕಾಸು. ಮೀನು ಬದುಕೋದು ಅದರಲ್ಲಿ. ನೀರಿಗೆ ಹೊಲಸು ಬಿದ್ದರೆ ಅದನ್ನ ತಿನ್ನೋಕೆ ಬ್ಯಾಕ್ಟೀರಿಯಾ ಬರ್ತವೆ, ತಿನ್ನುವಾಗ ಅವೂ ಇದೇ ಆಮ್ಲಜನಕ ಎಳ್ಕೊಳ್ತವೆ. ಎಷ್ಟು ಎಳ್ಕೊಳ್ತವೆ ಅನ್ನೋ ಸಾಲದ ಲೆಕ್ಕವೇ ಬಿಒಡಿ. ಲ್ಯಾಬಿನಲ್ಲಿ ನೀರನ್ನ ಬಾಟಲಿಯಲ್ಲಿ ಮುಚ್ಚಿ, ನಮ್ಮ ದೇಶದ ಪದ್ಧತಿಯಂತೆ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಮೊದಲು ಎಷ್ಟಿತ್ತು ಈಗ ಎಷ್ಟಿದೆ ಅಂತ ಕಳೀತಾರೆ. ಮೋರಿಯಿಂದ ನೇರ ಬಂದ ನೀರಿನ ಸಾಲ ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂ ಆಸುಪಾಸು. ಕೈಲಿರೋದು 8, ಸಾಲ 200! ಕೆರೆ ದಿವಾಳಿ, ಮೀನು ತೇಲುತ್ತೆ. ಶುದ್ಧೀಕರಣ ಘಟಕ ಆ ಸಾಲವನ್ನ 10ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸಿ ಕಳಿಸಿದ್ರೆ, ಗಾಳಿಯಿಂದ ದಿನಗೂಲಿ ಥರ ಬರೋ ಆಮ್ಲಜನಕದಲ್ಲಿ ಕೆರೆ ತೀರಿಸ್ಕೊಂಡು ಹೋಗುತ್ತೆ.

ಸಾಲದ ಲೆಕ್ಕ ಅರ್ಥ ಆಗದ ರೈತನನ್ನ ನಾನು ಕೋಲಾರ ಜಿಲ್ಲೆಯಲ್ಲಿ ಇನ್ನೂ ನೋಡಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿ ಬೆನ್ನು ತಟ್ಟಿಕೊಂಡ್ರೆ ಮೋಸ ಆಗುತ್ತೆ. ಬಿಒಡಿ ಹೇಳೋದು ಕೊಳೆಯೋ ಹೊಲಸಿನ ಲೆಕ್ಕ ಮಾತ್ರ. ಸೀಸ, ಕ್ರೋಮಿಯಂ ಥರದ ಲೋಹದ ಬಗ್ಗೆ, ಔಷಧಿ ಪಳೆಯುಳಿಕೆ ಬಗ್ಗೆ ಅದು ತುಟಿ ಬಿಚ್ಚಲ್ಲ. ನೊರೆ ಬಗ್ಗೆಯೂ ಅಷ್ಟೆ, ಅದು ಬಟ್ಟೆ ಸೋಪು, ಡಿಟರ್ಜೆಂಟ್ ಉಳಿದ ನೀರು ಎತ್ತರದಿಂದ ಬಿದ್ದು ಕಲಕಿದಾಗ ಏಳೋದು. ‘ಮಿತಿಯೊಳಗಿದೆ’ ಅಂದ್ರೂ ಯಾವ ಮಿತಿ? ಕೆರೆಗೆ ಬಿಡೋಕೆ ಇರೋ ಮಿತಿಯೇ ಬೇರೆ, ಲೋಟಕ್ಕೆ ಬಗ್ಗಿಸೋಕೆ ಇರೋ ಮಿತಿಯೇ ಬೇರೆ. ಎರಡಕ್ಕೂ ಒಂದೇ ಪದ ಬಳಸಿ ಪತ್ರಿಕಾ ಹೇಳಿಕೆ ಕೊಟ್ಟರೆ ಕೇಳಿದವನಿಗೆ ಎರಡರಲ್ಲಿ ಒಂದು ಆಗುತ್ತೆ. ಒಂದೋ ಕುಡಿಯಬಹುದು ಅಂದ್ಕೋತಾನೆ, ಇಲ್ಲಾ ಸುಳ್ಳು ಹೇಳ್ತಿದ್ದಾರೆ ಅಂದ್ಕೋತಾನೆ. ನಮ್ಮ ಕಡೆ ಎರಡೂ ಆಯ್ತು.

ಈಗೀಗ ‘ವಿಜ್ಞಾನ ಸಂವಹನ’ ಅಂತ ಕಾರ್ಯಾಗಾರಗಳು ನಡೀತವೆ. ಕಂಪನಿಗಳಲ್ಲೂ ನಮಗೆ ಇದೇ ಪಾಠ. ಕ್ಲಿಷ್ಟ ಪದ ತೆಗೀರಿ, ಕಥೆ ಹೇಳಿ, ಹೋಲಿಕೆ ಕೊಡಿ, ಒಂದು ಸ್ಲೈಡಿಗೆ ಒಂದೇ ವಿಚಾರ. ತಪ್ಪೇನಿಲ್ಲ, ಆದರೆ ಇದೆಲ್ಲ ಬಾಯಿಯ ತರಬೇತಿ. ಕಿವಿಯ ತರಬೇತಿ ಕೊಟ್ಟ ಒಂದು ಕಾರ್ಯಾಗಾರವನ್ನೂ ನಾನು ಕಂಡಿಲ್ಲ. ಎದುರಿನವರು ಕೇಳಿದ್ದು ಹಾಲಿನ ಬಗ್ಗೆ, ನೀವು ಎಷ್ಟೇ ಚಂದದ ಕಥೆ ಮಾಡಿ ಹೇಳ್ತಿರೋದು ಬಿಒಡಿ ಬಗ್ಗೆ ಅಂದ್ರೆ, ಸ್ಲೈಡು ಯಾವ ಬಣ್ಣದಲ್ಲಿದ್ರೇನು?

ನಮ್ಮ ಐಟಿ ಕಸುಬನ್ನ ಹೊಗಳೋ ಅಭ್ಯಾಸ ನನಗಿಲ್ಲ, ಆದರೆ ಒಂದು ವಿಷಯದಲ್ಲಿ ನಾವು ಕಲಿತಿದ್ದೀವಿ. ಸರ್ವರ್ ಬಿದ್ದರೆ ಸ್ಟೇಟಸ್ ಪೇಜಿನಲ್ಲಿ ಏನು ಬರೀತೀವಿ? ಇಂಥ ಹೊತ್ತಿಗೆ ಇಂಥದ್ದು ನಿಂತಿದೆ. ಇಷ್ಟು ಗೊತ್ತಾಗಿದೆ, ಇಷ್ಟು ಗೊತ್ತಾಗಿಲ್ಲ. ಮುಂದಿನ ಮಾಹಿತಿ ಇನ್ನು ಅರ್ಧ ಗಂಟೆಯಲ್ಲಿ. ಅರ್ಧ ಗಂಟೆ ಆದ ಮೇಲೆ ಹೊಸದೇನೂ ಇಲ್ಲದಿದ್ರೂ ‘ಹೊಸದೇನೂ ಇಲ್ಲ, ನೋಡ್ತಾ ಇದ್ದೀವಿ’ ಅಂತ ಬರೀಲೇಬೇಕು. ಆಮೇಲೆ ಸಹೋದ್ಯೋಗಿಗಳಿಗೆ ಇನ್ನೊಂದು ದಸ್ತಾವೇಜು: ಏನಾಯ್ತು, ಯಾಕಾಯ್ತು, ಮತ್ತೆ ಆಗದ ಹಾಗೆ ಏನು ಮಾಡಿದ್ವಿ. ಗ್ರಾಹಕನಿಗೆ ಒಂದು ಭಾಷೆ, ಸಹೋದ್ಯೋಗಿಗೆ ಒಂದು ಭಾಷೆ, ಆದರೆ ಎರಡರಲ್ಲೂ ಒಂದೇ ಸತ್ಯ. ಒಬ್ಬರ ಊಟದ ಆರ್ಡರ್ ಹತ್ತು ನಿಮಿಷ ತಡ ಆದ್ರೆ ಇಷ್ಟು ಮಾಡ್ತೀವಿ. ಒಂದು ಊರಿನ ಕೆರೆ ಬೆಳ್ಳಗೆ ಉಕ್ಕಿದಾಗ, ಕಟ್ಟೆ ಮೇಲೆ ಒಂದು ಬೋರ್ಡು ನಿಲ್ಲಿಸಿ ‘ಮಾದರಿ ತಗೊಂಡು ಹೋಗಿದ್ದೀವಿ, ಸೋಮವಾರ ಫಲಿತಾಂಶ ಹೇಳ್ತೀವಿ, ಅಲ್ಲಿವರೆಗೂ ದನ ಇಳಿಸಬೇಡಿ’ ಅಂತ ಬರೆಯೋಕೆ ಎಷ್ಟು ಖರ್ಚಾಗುತ್ತೆ?

ವಿಜ್ಞಾನಿಗಳು ತಮ್ಮವರ ಜೊತೆ ಚೆನ್ನಾಗಿಯೇ ಮಾತಾಡ್ತಾರೆ, ಅದನ್ನ ಒಪ್ಪಲೇಬೇಕು. ಅದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. ಕೆಜಿಎಫ್ ಅಂದ ತಕ್ಷಣ ನಿಮಗೆ ಯಶ್ ನೆನಪಾಗೋದು ಸಹಜ, ಆದರೆ ಅದೇ ಗಣಿಯೊಳಗೆ 1965ರಲ್ಲಿ ಇನ್ನೊಂದು ನಡೀತು. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಂ ವಿಜ್ಞಾನಿಗಳು ಸೇರಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊಗಳ ಗುರುತು ಹಿಡಿದ್ರು. ಅಷ್ಟು ಆಳ ಯಾಕೆ? ಆಕಾಶದಿಂದ ಸುರಿಯೋ ಬೇರೆ ಕಣಗಳನ್ನೆಲ್ಲ ಬಂಡೆ ಜರಡಿ ಥರ ತಡೀಬೇಕು, ನ್ಯೂಟ್ರಿನೊ ಒಂದೇ ದಾಟಿ ಬರ್ಬೇಕು, ಅದಕ್ಕೆ. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡ ಅದನ್ನೇ ಹುಡುಕ್ತಿತ್ತು. ಎರಡೂ ತಂಡದ ಲೇಖನ ಅಚ್ಚಾಗಿದ್ದು ಆ ವರ್ಷದ ಆಗಸ್ಟ್ ತಿಂಗಳಲ್ಲೇ, ನಮ್ಮದು ಸುಮಾರು ಎರಡು ವಾರ ಮೊದಲು. ಜಗತ್ತಿನ ಭೌತವಿಜ್ಞಾನಿಗಳಿಗೆ ಕೋಲಾರದ ಹೆಸರು ಗೊತ್ತಾಯ್ತು. 2015ರಲ್ಲಿ ನೊಬೆಲ್ ತಂದುಕೊಟ್ಟ ಕೆಲಸದಲ್ಲಿ ಒಂದು ಭಾಗ ಇದೇ ಜಾತಿಯ ನ್ಯೂಟ್ರಿನೊಗಳ ಮೇಲೆ ಜಪಾನಿನಲ್ಲಿ ನಡೆದದ್ದು.

ಇದೆಲ್ಲ ನನಗೆ ಗೊತ್ತಾಗಿದ್ದು ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಒಂದು ರಾತ್ರಿ ಸುಮ್ಮನೆ ವಿಕಿಪೀಡಿಯ ಓದ್ತಿದ್ದಾಗ. ಗಣಿಯಿಂದ ಬಸ್ಸಿನಲ್ಲಿ ಹೋಗಿಬರೋ ದೂರದಲ್ಲಿ ಬೆಳೆದ ಹುಡುಗನಿಗೆ ಹತ್ತು ವರ್ಷ ವಿಜ್ಞಾನ ಕಲಿಸಿದ ಯಾರ ಬಾಯಲ್ಲೂ ಈ ಮಾತು ಬರಲಿಲ್ಲ. ಅವರನ್ನ ಬೈಯಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ. ಉಪಕರಣ ಇಳಿಸೋಕೆ ಲಿಫ್ಟ್ ನಡೆಸಿದ, ಕತ್ತಲಲ್ಲಿ ಸುರಂಗ ಕೊರೆದ ಕಾರ್ಮಿಕರ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು, ಅವರಪ್ಪ ಯಾವ ಪ್ರಯೋಗಕ್ಕೆ ಹೆಗಲು ಕೊಟ್ಟಿದ್ದ ಅಂತ?

ಇದು ಬರೀ ಭಾವುಕತೆ ಅಂದ್ಕೋಬೇಡಿ, ಬೆಲೆ ಕೊಟ್ಟಾಗಿದೆ. 2001ರಲ್ಲಿ ಚಿನ್ನದ ಗಣಿಗೆ ಬೀಗ ಬಿತ್ತು. ದೇಶಕ್ಕೆ ಇನ್ನೊಂದು ನೆಲದಾಳದ ಪ್ರಯೋಗಾಲಯ ಬೇಕಾಯ್ತು, ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರದ ಬೆಟ್ಟ ಆರಿಸಿದ್ರು. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಊರವರು ಒಪ್ಪಲಿಲ್ಲ. ಬೆಟ್ಟ ಸಿಡಿಸ್ತಾರೆ, ನೀರು ಬತ್ತುತ್ತೆ, ಕಾಡಿಗೆ ಪೆಟ್ಟು ಅನ್ನೋ ಮಾತಿನ ಜೊತೆ ವಿಕಿರಣ, ಅಣು ತ್ಯಾಜ್ಯ ತಂದು ಹೂಳ್ತಾರೆ ಅನ್ನೋದೂ ಸೇರ್ಕೊಂಡಿತು. ಮೊದಲಿನವು ಕೂತು ಚರ್ಚಿಸಬೇಕಾದ ಆತಂಕಗಳು, ಕೊನೆಯದು ಸುಳ್ಳು. ಸುಳ್ಳಿಗೆ ಉತ್ತರವಾಗಿ ಎಷ್ಟೊಂದು ಸಾಕ್ಷಿ ಕೋಲಾರದಲ್ಲಿ ಬಿದ್ದಿತ್ತು! ದಶಕಗಳ ಕಾಲ ನ್ಯೂಟ್ರಿನೊ ಹಿಡಿದ ಊರು, ಅಲ್ಲಿನ ಗಣಿ ಕಾರ್ಮಿಕರಲ್ಲಿ ತಮಿಳರೇ ಬಹಳ. ಅವರ ಒಂದು ಬಸ್ಸು ತೇಣಿಗೆ ಹೋಗಿ, ‘ನಾವು ಅದರ ಪಕ್ಕದಲ್ಲೇ ದುಡಿದ್ವಿ’ ಅಂತ ತಮಿಳಿನಲ್ಲೇ ಹೇಳಿದ್ದಿದ್ರೆ? ಆದರೆ ಅವರಿಗೆ ಹೇಳಿದ್ದರೆ ತಾನೆ ಅವರು ಹೇಳೋದು. 2022ರಲ್ಲಿ ತಮಿಳುನಾಡು ಸರ್ಕಾರ ಈ ಯೋಜನೆ ಬೇಡ ಅಂತ ಸುಪ್ರೀಂ ಕೋರ್ಟಿಗೇ ಹೇಳಿತು.

ಹಾಗಾದ್ರೆ ಚೆನ್ನಾಗಿ ಹೇಳಿದವರು ಯಾರೂ ಇಲ್ವಾ? ಇದ್ರು, ನಮ್ಮ ಕಡೆಯವರೇ. ಎಚ್. ನರಸಿಂಹಯ್ಯ, ಬೆಂಗಳೂರಿನವರಿಗೆ ಎಚ್ಚೆನ್. ಹುಟ್ಟಿದ್ದು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆ, ಆಗ ಕೋಲಾರವೇ. ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಬಂದು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ್ರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅದರ ಉಪನ್ಯಾಸಗಳಿಗೆ ವಿಜ್ಞಾನಿಗಳೂ ಬರ್ತಿದ್ರು, ರಿಟೈರಾದ ಗುಮಾಸ್ತರೂ ಬರ್ತಿದ್ರು. ಆದರೆ ಅವರ ಅತ್ಯುತ್ತಮ ಪಾಠ ಯಾವ ಸಭಾಂಗಣದಲ್ಲೂ ಆಗಿದ್ದಲ್ಲ ಅಂತ ನನ್ನ ಅಭಿಪ್ರಾಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದ್ರು. ಸತ್ಯಸಾಯಿ ಬಾಬಾ ಗಾಳಿಯಿಂದ ವಿಭೂತಿ, ಉಂಗುರ ತರ್ತಾರೆ ಅಂತ ಜನ ಹೇಳ್ತಿದ್ದ ಕಾಲ. ಎಚ್ಚೆನ್ ಪತ್ರ ಬರೆದು ಪರೀಕ್ಷೆಗೆ ಕರೆದ್ರು, ಉತ್ತರ ಬರಲಿಲ್ಲ. ಅವರು ಜನರ ಮುಂದೆ ಇಟ್ಟ ಸವಾಲು ಮಾತ್ರ ಉಳೀತು: ಉಂಗುರ ಯಾಕೆ, ಒಂದು ಕುಂಬಳಕಾಯಿ ತರಿಸಲಿ.

ಇದನ್ನ ಸ್ವಲ್ಪ ನಿಂತು ನೋಡಿ. ಉಂಗುರ ತೋಳಿನಲ್ಲಿ ಬಚ್ಚಿಡಬಹುದು, ಕುಂಬಳಕಾಯಿ ಆಗಲ್ಲ. ನಿಯಂತ್ರಿತ ಪ್ರಯೋಗ ಅಂದ್ರೇನು, ಬೇರೆ ಕಾರಣಗಳನ್ನ ಮೊದಲು ಹೊರಗಿಡೋದು ಹೇಗೆ ಅಂತ ಬಿಇಯಲ್ಲಿ ನಾಲ್ಕು ವರ್ಷ ಓದಿದ್ರೂ ತಲೆಗೆ ಹೋಗದ್ದು ಈ ಒಂದು ಕಾಯಿಯಲ್ಲಿದೆ. ಅದರಲ್ಲಿ ಲೇವಡಿ ಇದೆ ನಿಜ, ಆದರೆ ಭಕ್ತನನ್ನ ದಡ್ಡ ಅಂದಿಲ್ಲ. ‘ನೀನೇ ನೋಡು, ನೀನೇ ತೀರ್ಮಾನಿಸು’ ಅಂತ ಪರೀಕ್ಷೆಯನ್ನ ಅವನ ಕೈಗೇ ಕೊಟ್ಟಿದೆ. ‘ಮಿತಿಯೊಳಗಿದೆ’ ಅನ್ನೋ ಹೇಳಿಕೆಗೂ ಇದಕ್ಕೂ ಇರೋ ವ್ಯತ್ಯಾಸ ಅದೇ. ಅಲ್ಲಿ ನಂಬು ಅಂತಾರೆ, ಇಲ್ಲಿ ಪರೀಕ್ಷಿಸು ಅಂತಾರೆ.

ಕನ್ನಡದ ವಿಜ್ಞಾನ ಬರಹದ ಬಗ್ಗೆ ಒಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ನಮಗೆ ದೊಡ್ಡ ಪರಂಪರೆ ಇದೆ. ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟದ ವಿಜ್ಞಾನ ಪ್ರಪಂಚ ಬರೆದ್ರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕವಾಗಿದ್ದೂ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡಿತು, ಅದೂ ವಿದ್ಯಾರ್ಥಿಗಳ ತರಲೆ ಮಧ್ಯೆ ಗಿಡದ ಕುಲಗೋತ್ರ ಹೇಳ್ತಾ. ತೇಜಸ್ವಿ ‘ಕರ್ವಾಲೊ’ದಲ್ಲಿ ಇನ್ನೂ ಮುಂದೆ ಹೋದ್ರು. ಅಲ್ಲಿ ವಿಜ್ಞಾನಿ ಹಳ್ಳಿಯವನಿಗೆ ಪಾಠ ಹೇಳೋದಕ್ಕಿಂತ, ಜೇನು ಹಿಡಿಯೋ ಮಂದಣ್ಣನ ಕಣ್ಣನ್ನ ನಂಬಿ ಕಾಡಿಗೆ ಹೋಗ್ತಾನೆ. ಪರಸ್ಪರ ಕಿವಿಗೊಡೋದು ಅಂದ್ರೆ ಅದು.

ಅವರ ನಂತರ ಬಂದವರಲ್ಲಿ ಬಹಳಷ್ಟು ಜನ ತಗೊಂಡಿದ್ದು ವಿಸ್ಮಯವನ್ನ ಮಾತ್ರ. ಕಪ್ಪುಕುಳಿ, ತಿಮಿಂಗಿಲ, ಮಂಗಳ ಗ್ರಹ, ಹಾರೋ ಓತಿ. ನಾನೂ ಅದನ್ನೆಲ್ಲ ಬಾಯಿ ಬಿಟ್ಟುಕೊಂಡು ಓದಿ ಬೆಳೆದವನೇ, ಈಗಲೂ ಓದ್ತೀನಿ. ಆದರೆ ವಿಸ್ಮಯಕ್ಕೆ ಒಂದು ಅನುಕೂಲ ಇದೆ: ಕಪ್ಪುಕುಳಿ ಬಗ್ಗೆ ಬರೆದ್ರೆ ಯಾವ ಇಲಾಖೆಯೂ ನೋಟಿಸ್ ಕಳಿಸಲ್ಲ. ನಲ್ಲಿ ನೀರಿನ ಬಗ್ಗೆ ಬರೆಯೋ ಬೆರಳೆಣಿಕೆ ಜನ ಕನ್ನಡದಲ್ಲಿದ್ದಾರೆ, ನಾಗೇಶ ಹೆಗಡೆ ಥರದವರು. ಮಿಕ್ಕ ಕಡೆ ವಿಜ್ಞಾನ ಅಂದ್ರೆ ದೂರದ ಬೆಟ್ಟ.

ಹತ್ತಿರದ್ದು ಯಾವುದು ಅಂತ ಕೇಳಿದ್ರೆ, ಫ್ಲೋರೈಡ್. ಕೋಲಾರದ ನೆಲದಡಿ ಇರೋ ಗ್ರಾನೈಟು, ನೈಸ್ ಬಂಡೆಗಳಲ್ಲಿ ಅದು ಸಹಜವಾಗಿಯೇ ಇದೆ. ಬೋರು ಸಾವಿರ ಅಡಿ ದಾಟಿದ ಮೇಲೆ ಸಿಗೋದು ಬಂಡೆ ಸಂದಿಯಲ್ಲಿ ಬಹುಕಾಲ ಕೂತ ನೀರು, ಫ್ಲೋರೈಡ್ ಕರಗಿಸ್ಕೊಂಡೇ ಬರುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ರೆ 1.5ರವರೆಗೆ, ಅನ್ನುತ್ತೆ ಭಾರತೀಯ ಮಾನಕ. ದಾಟಿದ್ರೆ ಮೊದಲು ಮಕ್ಕಳ ಹಲ್ಲು ಕಂದುತ್ತೆ, ವರ್ಷಗಟ್ಟಲೆ ಹೆಚ್ಚು ಕುಡಿದ್ರೆ ಮೂಳೆ ಹಿಡ್ಕೊಳ್ಳುತ್ತೆ. ನಮ್ಮೂರ ಕಡೆ ಕಂದು ಹಲ್ಲು ಎಷ್ಟು ಮಾಮೂಲಿ ಅಂದ್ರೆ, ಹುಡುಗಿ ನೋಡೋಕೆ ಬಂದವರು ಅದರ ಬಗ್ಗೆ ಕೇಳ್ತಾ ಇರಲಿಲ್ಲ.

ಇಷ್ಟು ವರ್ಷ ಆರೋಗ್ಯದ ಸಂದೇಶ ಗೋಡೆ ಮೇಲೆ ಏನಿತ್ತು? ನೀರು ಕುದಿಸಿ ಕುಡಿಯಿರಿ. ಕಾಲರಾ, ಟೈಫಾಯ್ಡ್‌ಗೆ ಸರಿಯಾದ ಮಾತು. ಫ್ಲೋರೈಡ್‌ಗೆ ಉಲ್ಟಾ. ಕುದಿಸಿದ್ರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಅಲ್ಲೇ ಉಳಿಯುತ್ತೆ, ಸಾರು ಕುದ್ದು ಉಪ್ಪಾದ ಹಾಗೆ. ನಮ್ಮ ದೊಡ್ಡಮ್ಮ ನಲವತ್ತು ವರ್ಷ ಶ್ರದ್ಧೆಯಿಂದ ಕುದಿಸಿ ಆರಿಸಿ ಸೋಸಿ ಕುಡಿದೋರು. ಈಗ ಅವರಿಗೆ ನೆಲದ ಮೇಲೆ ಕೂತ್ಕೊಳ್ಳೋಕೆ ಆಗಲ್ಲ. ಅದೊಂದೇ ಕಾರಣ ಅಂತ ನಾನು ಹೇಳಲ್ಲ, ವಯಸ್ಸೂ ಇದೆ. ಆದರೆ ‘ಕುದಿಸಿದ್ದು ಶುದ್ಧ’ ಅಂತ ಅವರಿಗೆ ಹೇಳಿದವರು ಯಾವುದರಿಂದ ಶುದ್ಧ ಅಂತ ಹೇಳಲಿಲ್ಲ. ಅರ್ಧ ಹೇಳಿದ ವಿಜ್ಞಾನ ಅಷ್ಟು ದಿನ ಆ ಒಲೆ ಮೇಲೆ ಕುದೀತಿತ್ತು.

ಜಲ ಜೀವನ್ ಮಿಷನ್ ಬಂದ ಮೇಲೆ ಒಂದು ಒಳ್ಳೆ ಏರ್ಪಾಡಾಗಿದೆ. ಪ್ರತಿ ಊರಲ್ಲೂ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಿಟ್ಟಿನ ತರಬೇತಿ ಕೊಡ್ಬೇಕು ಅಂತ. ಕಳೆದ ಬೇಸಿಗೆಯಲ್ಲಿ ಹೋಳೂರು ಹೋಬಳಿಯ ಒಂದು ಊರಿನಲ್ಲಿ, ಸ್ವಸಹಾಯ ಸಂಘದ ಅಕ್ಕ ಒಬ್ಬರು ಮಾಡೋದನ್ನ ನೋಡ್ದೆ. ಬೋರಿನ ನೀರು ಪುಟ್ಟ ಗಾಜಿನ ಕೊಳವೆಗೆ ಹಾಕಿ, ದ್ರಾವಣದ ಹನಿ ಬಿಟ್ಟು, ಬಣ್ಣದ ಪಟ್ಟಿ ಪಕ್ಕ ಹಿಡಿದ್ರು. ಗುಲಾಬಿ ಇದ್ರೆ ಫ್ಲೋರೈಡ್ ಕಮ್ಮಿ, ಹಳದಿ ಕಡೆ ತಿರುಗಿದಷ್ಟೂ ಜಾಸ್ತಿ. ಸುತ್ತ ಆರೇಳು ಜನ ಬಿಂದಿಗೆ ಇಟ್ಕೊಂಡು ಬಗ್ಗಿ ನೋಡ್ತಿದ್ರು. ಅವರು ‘ಫ್ಲೋರೈಡ್ ಸಾಂದ್ರತೆ’ ಅನ್ನಲಿಲ್ಲ, ‘ನೋಡು, ಅರಿಶಿನ ತಿರುಗ್ತು’ ಅಂದ್ರು. ಪಕ್ಕದ ಬೀದಿ ಬೋರಿನದ್ದೂ ತರಿಸಿ ಪಕ್ಕಪಕ್ಕ ಇಟ್ರು, ಅದು ಗುಲಾಬಿಯಾಗೇ ಉಳೀತು. ಒಂದೇ ಊರು, ಎರಡು ಬೋರು, ಎರಡು ಬಣ್ಣ. ಯಾರೂ ಯಾರನ್ನೂ ನಂಬಬೇಕಾಗಿರಲಿಲ್ಲ.

ಒಬ್ಬ ಅಜ್ಜಿ ಕೇಳಿದ್ರು, ‘ಸರಿ ಕಣಮ್ಮಾ, ಇದನ್ನ ಕಾಯಿಸಿದ್ರೆ ಆ ಅರಿಶಿನ ಹೋಗ್ತದಾ?’

ಆ ಅಕ್ಕ ಕಿಟ್ಟಿನ ಜೊತೆ ಬಂದಿದ್ದ ಹಾಳೆ ಎರಡೂ ಕಡೆ ತಿರುಗಿಸಿ ನೋಡಿದ್ರು. ಅದರಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ‘ತಡಿ, ಕಾಯಿಸಿಯೇ ನೋಡೋಣ’ ಅಂತ ಒಳಗಿನಿಂದ ಪಾತ್ರೆ ತರಿಸಿದ್ರು.